ಹಿತ್ತಲ ತರಕಾರಿ ಮತ್ತು ಮನೆಯ ಬೆಕ್ಕು

ರೈತನ ಮನೆಯಲ್ಲಿ ಹಸು, ಎತ್ತು, ಆಡು, ಕೋಳಿಗಳಿಗೆ ಲೆಕ್ಕವಿರುತ್ತದೆ; ಬೆಕ್ಕಿಗೆ ಲೆಕ್ಕವಿರುವುದಿಲ್ಲ. ಅದನ್ನು ಹಣ ಕೊಟ್ಟು ತಂದವರು ಅಪರೂಪ. ಅದಕ್ಕೆಂದು ಮೇವು ಬೆಳೆಯುವವರೂ ಇಲ್ಲ. ಆದರೆ ಕಣದಿಂದ ಬಂದ ರಾಗಿ, ಭತ್ತ, ಜೋಳದ ಚೀಲಗಳು ಮನೆ ಸೇರಿದ ದಿನದಿಂದ ಮುಂದಿನ ಸುಗ್ಗಿಯವರೆಗೆ ರಾತ್ರಿಯ ಕಾವಲು ಈ ಪ್ರಾಣಿಯದೇ. ಇಲಿಗಳು ಕಾಳನ್ನು ತಿನ್ನುವುದಷ್ಟೇ ಅಲ್ಲ, ಹಿಕ್ಕೆ ಮತ್ತು ಮೂತ್ರದಿಂದ ಉಳಿದ ಕಾಳನ್ನೂ ಕೆಡಿಸುತ್ತವೆ. ಇಲಿಜ್ವರವೆಂದು ಕರೆಯಲಾಗುವ ಲೆಪ್ಟೊಸ್ಪೈರೋಸಿಸ್ ರೋಗಾಣುಗಳು ಇಲಿಯ ಮೂತ್ರದ ಮೂಲಕ ಹರಡುತ್ತವೆ. ಆದುದರಿಂದ ಬೆಕ್ಕಿನ ಆರೋಗ್ಯವು ಮನೆಯ ಕಾಳಿಗೂ ಮನೆಯವರ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವೇ ಆಗಿದೆ.

ಚೆನ್ನಾಗಿ ಓಡಾಡಿಕೊಂಡಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮಂಕಾಗಿ, ಆಹಾರ ಬಿಟ್ಟು, ಮೂಲೆ ಹಿಡಿದು, ಮೂರು ನಾಲ್ಕು ದಿನಗಳಲ್ಲಿ ಸಾಯುವುದುಂಟು. ಆಗ ಮನೆಯವರಿಗೆ ಮೊದಲು ಬರುವ ಸಂಶಯ, ನೆರೆಯವರು ಯಾರೋ ಪಾಷಾಣ ಇಟ್ಟಿರಬೇಕು ಎಂಬುದು. ಕೆಲವೊಮ್ಮೆ ಇದು ನಿಜವೂ ಆಗಿರಬಹುದು. ಆದರೆ ಎಷ್ಟೋ ಸಲ ಕಾರಣವು ನೆರೆಮನೆಯಲ್ಲಿರದೆ ತಮ್ಮದೇ ಹಿತ್ತಲಿನಲ್ಲಿ, ತಮ್ಮದೇ ಅಡಿಗೆಮನೆಯ ತಟ್ಟೆಯಲ್ಲಿ ಇರುತ್ತದೆ. ಮನುಷ್ಯರು ನಿತ್ಯ ಉಣ್ಣುವ ಕೆಲವು ತರಕಾರಿಗಳು ಬೆಕ್ಕಿಗೆ ವಿಷವಾಗುತ್ತವೆ. ಹಾಗೆಂದು ಹಿತ್ತಲ ತೋಟವನ್ನು ಕಿತ್ತುಹಾಕಬೇಕಾಗಿಲ್ಲ. ಯಾವ ಗಿಡದ ಯಾವ ಭಾಗ ಅಪಾಯಕರ, ಅದು ಯಾವ ದಾರಿಯಿಂದ ಬೆಕ್ಕಿನ ಹೊಟ್ಟೆ ಸೇರುತ್ತದೆ ಎಂಬುದನ್ನು ತಿಳಿದುಕೊಂಡರೆ ತರಕಾರಿಯನ್ನೂ ಬೆಳೆಯಬಹುದು, ಬೆಕ್ಕನ್ನೂ ಉಳಿಸಿಕೊಳ್ಳಬಹುದು.

ಬೆಕ್ಕಿನ ದೇಹದ ವಿಶೇಷ

ಬೆಕ್ಕು ಹುಲಿ, ಚಿರತೆಗಳ ಜಾತಿಗೆ ಸೇರಿದ ಅಪ್ಪಟ ಮಾಂಸಾಹಾರಿ. ಹಸು, ಆಡುಗಳು ಬಗೆಬಗೆಯ ಸೊಪ್ಪು ಸದೆಗಳನ್ನು ತಿಂದು, ಅವುಗಳಲ್ಲಿರುವ ಅಲ್ಪಸ್ವಲ್ಪ ವಿಷಗಳನ್ನು ಹೊಟ್ಟೆಯಲ್ಲಿಯೂ ಯಕೃತ್ತಿನಲ್ಲಿಯೂ ಮುರಿಯುವ ಶಕ್ತಿಯನ್ನು ಪಡೆದಿವೆ. ಬೆಕ್ಕಿನ ಯಕೃತ್ತಿನಲ್ಲಿ ಈ ಶಕ್ತಿಯ ಒಂದು ಮುಖ್ಯ ಭಾಗವೇ ಬಹಳ ಕಡಿಮೆ. ಅನೇಕ ರಾಸಾಯನಿಕಗಳನ್ನು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ಮೂಲಕ ಹೊರಹಾಕುವ ಕಿಣ್ವಗಳಲ್ಲಿ ಕೆಲವು ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಮನುಷ್ಯನಿಗೆ ಔಷಧವಾಗುವ ವಸ್ತುವೂ ಬೆಕ್ಕಿಗೆ ವಿಷವಾಗಬಹುದು. ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕಿನ ಪ್ರಾಣ ತೆಗೆಯಲು.

ಎರಡನೆಯ ವಿಶೇಷ ರಕ್ತದಲ್ಲಿದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್ ಎಂಬ ವಸ್ತುವಿನಲ್ಲಿ ಕೆಲವು ಗಂಧಕಯುಕ್ತ ತುದಿಗಳಿರುತ್ತವೆ. ಕೆಲವು ರಾಸಾಯನಿಕಗಳು ಹಿಮೊಗ್ಲೋಬಿನ್ನನ್ನು ಹಾಳುಮಾಡುವಾಗ ಮೊದಲು ಹಿಡಿಯುವುದು ಈ ತುದಿಗಳನ್ನೇ. ಬಹುತೇಕ ಪ್ರಾಣಿಗಳಲ್ಲಿ ಹೀಗೆ ಹಾನಿಗೊಳಗಾಗುವ ತುದಿಗಳು 2, ನಾಯಿಯಲ್ಲಿ 4, ಬೆಕ್ಕಿನಲ್ಲಿ 8. ಆದ್ದರಿಂದ ಇಂತಹ ವಿಷದಿಂದ ಬೆಕ್ಕಿನ ರಕ್ತವು ಬೇರೆ ಪ್ರಾಣಿಗಳ ರಕ್ತಕ್ಕಿಂತ ಬೇಗ ಕೆಡುತ್ತದೆ. ಈರುಳ್ಳಿಯ ವಿಷಯದಲ್ಲಿ ಇದೇ ಮುಖ್ಯ ಸಂಗತಿ.

ಈರುಳ್ಳಿ ಮತ್ತು ಬೆಳ್ಳುಳ್ಳಿ

ಹಿತ್ತಲಿನ ತರಕಾರಿಗಳಲ್ಲಿ ಬೆಕ್ಕಿಗೆ ಅತಿ ಹೆಚ್ಚು ಅಪಾಯವಿರುವುದು ಈರುಳ್ಳಿ ಮತ್ತು ಬೆಳ್ಳುಳ್ಳಿಯಿಂದ. ಈರುಳ್ಳಿಯನ್ನು ಹೆಚ್ಚಿದಾಗ ಮೂಗಿಗೆ ಬಡಿಯುವ ಘಾಟು ಅದರಲ್ಲಿರುವ ಗಂಧಕಯುಕ್ತ ವಸ್ತುಗಳದು. ಇಂತಹ ವಸ್ತುಗಳು ಹೊಟ್ಟೆ ಸೇರಿ ರಕ್ತಕ್ಕೆ ಹೀರಿಕೊಂಡಾಗ ಹಿಮೊಗ್ಲೋಬಿನ್ ಕೆಟ್ಟು, ಕೆಂಪು ರಕ್ತಕಣಗಳೊಳಗೆ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಇವನ್ನು ಹೈಂಜ್ ಕಣಗಳೆಂದು ಕರೆಯುತ್ತಾರೆ. ಹೀಗೆ ಕೆಟ್ಟ ರಕ್ತಕಣಗಳು ಒಡೆದು ನಾಶವಾಗುತ್ತವೆ. ರಕ್ತ ತೆಳುವಾಗಿ ಬೆಕ್ಕಿಗೆ ರಕ್ತಹೀನತೆ ಉಂಟಾಗುತ್ತದೆ.

ಬೆಕ್ಕಿನ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 5 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ಗಮನಾರ್ಹ ಹಾನಿ ಕಂಡುಬರುತ್ತದೆ. ಅಂದರೆ 3 ಕಿಲೋ ತೂಕದ ಬೆಕ್ಕಿಗೆ 15 ಗ್ರಾಂ. 1 ಕಿಲೋ ತೂಕದ ಮರಿಗೆ 5 ಗ್ರಾಂ ಮಾತ್ರ. ಮಧ್ಯಮ ಗಾತ್ರದ ಒಂದು ಈರುಳ್ಳಿಯನ್ನು ಆರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ದೊಡ್ಡ ಬೆಕ್ಕಿಗೂ ಹೆಚ್ಚೇ. ಬೆಳ್ಳುಳ್ಳಿಯು ತೂಕಕ್ಕೆ ತೂಕ ಹೋಲಿಸಿದರೆ ಈರುಳ್ಳಿಗಿಂತ ತೀವ್ರವಾದುದು. ಒಂದೇ ಸಲ ಹೆಚ್ಚು ತಿನ್ನಬೇಕೆಂದೂ ಇಲ್ಲ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಹಾನಿ ಕೂಡುತ್ತಾ ಹೋಗುತ್ತದೆ.

ಬೆಕ್ಕು ಈರುಳ್ಳಿಯ ಮಡಿಗೆ ಹೋಗಿ ಗೆಡ್ಡೆ ಕಿತ್ತು ತಿನ್ನುವುದಿಲ್ಲ. ಹಸಿ ಈರುಳ್ಳಿಯ ವಾಸನೆಗೆ ಅದು ಮುಖ ತಿರುಗಿಸುತ್ತದೆ. ವಿಷವು ಅದರ ಹೊಟ್ಟೆ ಸೇರುವುದು ಸಾರನ್ನದ ಮೂಲಕ. ಈರುಳ್ಳಿ, ಬೆಳ್ಳುಳ್ಳಿ ಅರೆದು ಹಾಕಿದ ಮೀನಿನ ಸಾರು, ಕೋಳಿ ಸಾರು, ಮೊಟ್ಟೆ ಪಲ್ಯಗಳ ವಾಸನೆ ಬೆಕ್ಕನ್ನು ಸೆಳೆಯುತ್ತದೆ. ಊಟವಾದ ಮೇಲೆ ಮಿಕ್ಕ ಸಾರಿಗೆ ಅನ್ನ ಅಥವಾ ಮುದ್ದೆ ಕಲಸಿ ಬೆಕ್ಕಿನ ಮುಂದೆ ಇಡುವುದು ವಾಡಿಕೆ. ಬೇಯಿಸುವುದರಿಂದ, ಹುರಿಯುವುದರಿಂದ, ಒಣಗಿಸುವುದರಿಂದ ಈರುಳ್ಳಿಯ ವಿಷಗುಣ ಹೋಗುವುದಿಲ್ಲ. ಪುಡಿಮಾಡಿದ ಒಣ ಈರುಳ್ಳಿಯಲ್ಲಿ ನೀರಿನಂಶ ಇಲ್ಲದ ಕಾರಣ ಅದು ಮತ್ತಷ್ಟು ತೀವ್ರ.

ರೋಗಲಕ್ಷಣಗಳು ಅಂದೇ ಕಾಣಿಸಿಕೊಳ್ಳದಿರುವುದೇ ಇಲ್ಲಿನ ದೊಡ್ಡ ತೊಡಕು. ತಿಂದ ದಿನ ವಾಂತಿ, ಭೇದಿ ಆಗಬಹುದು, ಆಗದೆಯೂ ಇರಬಹುದು. ರಕ್ತಹೀನತೆಯ ಚಿಹ್ನೆಗಳು ಕೆಲವು ದಿನಗಳ ಅನಂತರ ತೋರುತ್ತವೆ. ಭಾನುವಾರದ ಊಟಕ್ಕೂ ಗುರುವಾರದ ಕಾಯಿಲೆಗೂ ಸಂಬಂಧ ಕಲ್ಪಿಸುವವರು ಯಾರು? ಆದ್ದರಿಂದಲೇ ಈರುಳ್ಳಿಯ ಮೇಲೆ ಯಾರ ಸಂಶಯವೂ ಹೋಗುವುದಿಲ್ಲ. ಒಸಡು ಮತ್ತು ನಾಲಿಗೆ ಬಿಳಿಚಿಕೊಳ್ಳುವುದು ಅಥವಾ ಹಳದಿಯಾಗುವುದು, ಮೂತ್ರ ಕಂದುಗೆಂಪಾಗುವುದು, ಉಸಿರಾಟ ಮತ್ತು ಎದೆಬಡಿತ ಹೆಚ್ಚುವುದು, ನಿಲ್ಲಲಾರದಷ್ಟು ನಿಶ್ಶಕ್ತಿ ಇವು ಮುಖ್ಯ ಲಕ್ಷಣಗಳು.

ಪರಿಹಾರ ಸುಲಭವಾಗಿದೆ. ಮೀನು ಅಥವಾ ಮಾಂಸ ಬೇಯಿಸುವಾಗ ಮಸಾಲೆ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ತೆಗೆದಿಡಬೇಕು. ಮೂಳೆ, ಮುಳ್ಳು ತೆಗೆದ ಬರೀ ಬೆಂದ ಮೀನು ಅಥವಾ ಮಾಂಸವನ್ನು ಅನ್ನದಲ್ಲಿ ಕಲಸಿ ಕೊಡಬಹುದು. ಮಾಂಸಾಹಾರವಿಲ್ಲದ ಮನೆಗಳಲ್ಲಿ ಅನ್ನಕ್ಕೆ ಸಾರಿನ ಬದಲು ಹಾಲು ಅಥವಾ ಮೊಸರು ಕಲಸುವುದು ಒಳ್ಳೆಯದು. ಇಲಿ ಹಿಡಿದು ತಿನ್ನುವ ಬೆಕ್ಕು ಉಳಿದ ಪೋಷಕಾಂಶವನ್ನು ತಾನೇ ಒದಗಿಸಿಕೊಳ್ಳುತ್ತದೆ.

ಇದೇ ಸಂದರ್ಭದಲ್ಲಿ ದನಕರುಗಳ ವಿಷಯವನ್ನೂ ಹೇಳಬೇಕಾಗಿದೆ. ಚಿತ್ರದುರ್ಗ, ಗದಗ, ಧಾರವಾಡ ಮುಂತಾದ ಈರುಳ್ಳಿ ಬೆಳೆಯುವ ಜಿಲ್ಲೆಗಳಲ್ಲಿ ಬೆಲೆ ಕುಸಿದಾಗ ಕೊಳೆತ ಗೆಡ್ಡೆಗಳನ್ನು ದನಗಳ ಮುಂದೆ ಸುರಿಯುವ ಪ್ರಸಂಗ ಬರಬಹುದು. ದನಗಳು ಹೆಚ್ಚು ಈರುಳ್ಳಿ ತಿಂದರೆ ಅವುಗಳಿಗೂ ಇದೇ ಬಗೆಯ ರಕ್ತಹೀನತೆ ಬರುತ್ತದೆ. ಆಡು ಕುರಿಗಳು ತಾಳಿಕೊಳ್ಳುವಷ್ಟು ದನಗಳು ತಾಳಿಕೊಳ್ಳುವುದಿಲ್ಲ.

ಆಲೂಗೆಡ್ಡೆ, ಟೊಮ್ಯಾಟೊ ಮತ್ತು ಬದನೆ

ಈ ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿವೆ. ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಈ ಗಿಡಗಳು ಎಲೆ, ಕಾಂಡ ಮತ್ತು ಎಳೆಯ ಭಾಗಗಳಲ್ಲಿ ಕಹಿ ವಿಷವಸ್ತುಗಳನ್ನು ಶೇಖರಿಸಿಕೊಳ್ಳುತ್ತವೆ. ಆಲೂಗೆಡ್ಡೆಯಲ್ಲಿ ಸೊಲನಿನ್ ಮತ್ತು ಚಾಕೊನಿನ್, ಟೊಮ್ಯಾಟೊ ಗಿಡದಲ್ಲಿ ಟೊಮ್ಯಾಟಿನ್ ಇವೆ. ಚೆನ್ನಾಗಿ ಹಣ್ಣಾದ ಟೊಮ್ಯಾಟೊದಲ್ಲಿ ಈ ವಸ್ತು ಬಹಳ ಕಡಿಮೆಯಾಗುವುದರಿಂದ ಹಣ್ಣಿನ ಚೂರಿನಿಂದ ಬೆಕ್ಕಿಗೆ ಭಯವಿಲ್ಲ. ಎಲೆ, ಕಾಂಡ ಮತ್ತು ಹಸಿರು ಕಾಯಿ ಅಪಾಯಕರ.

ಆಲೂಗೆಡ್ಡೆಯನ್ನು ಬೆಳಕಿನಲ್ಲಿ ಇಟ್ಟರೆ ಸಿಪ್ಪೆ ಹಸಿರಾಗುತ್ತದೆ. ಹಸಿರು ಬಣ್ಣವೇ ವಿಷವಲ್ಲ. ಆದರೆ ಹಸಿರು ಬಂದ ಕಡೆ ಸೊಲನಿನ್ ಕೂಡ ಹೆಚ್ಚಿರುತ್ತದೆಂದು ತಿಳಿಯಬೇಕು. ಮೊಳಕೆಗಳಲ್ಲಿ ಇದು ಇನ್ನೂ ಹೆಚ್ಚು. ಸಾಮಾನ್ಯ ಬೇಯಿಸುವಿಕೆಯಿಂದ ಇದು ನಾಶವಾಗುವುದಿಲ್ಲ. ಆದ್ದರಿಂದ ಗೆಡ್ಡೆಗಳನ್ನು ಕತ್ತಲೆಯ, ತಂಪಾದ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಹಸಿರಾದ ಭಾಗ ಮತ್ತು ಮೊಳಕೆಗಳನ್ನು ಆಳವಾಗಿ ಕೆತ್ತಿ ತೆಗೆದು ಮಣ್ಣಿನಲ್ಲಿ ಹೂಳಬೇಕು. ಈ ಎಚ್ಚರಿಕೆ ಮನೆಯ ಮಕ್ಕಳಿಗೂ ಅಷ್ಟೇ ಅಗತ್ಯ.

ಈ ಗಿಡಗಳನ್ನು ತಿಂದ ಬೆಕ್ಕಿನಲ್ಲಿ ಜೊಲ್ಲು ಸುರಿಯುವುದು, ವಾಂತಿ, ಭೇದಿ, ತೂಕಡಿಕೆ, ಕಣ್ಣಿನ ಪಾಪೆ ಅಗಲವಾಗುವುದು ಕಂಡುಬರುತ್ತವೆ. ಕಹಿಯ ಕಾರಣ ಬೆಕ್ಕು ಹೆಚ್ಚು ತಿನ್ನುವುದು ಅಪರೂಪ. ಆದರೆ ಆಟವಾಡುವ ಮರಿಗಳು ಸಸಿಮಡಿಯ ಎಳೆಯ ಸಸಿಗಳನ್ನು ಕಚ್ಚುವುದುಂಟು. ಸಸಿಮಡಿಯ ಮೇಲೆ ಸೊಳ್ಳೆಪರದೆ ಬಟ್ಟೆ ಹೊದಿಸಿದರೆ ಸಸಿಗೂ ರಕ್ಷಣೆ, ಮರಿಗೂ ರಕ್ಷಣೆ.

ಕೆಸುವು ಮತ್ತು ಸುವರ್ಣಗೆಡ್ಡೆ

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸುವು ಸೊಂಪಾಗಿ ಬೆಳೆದಿರುತ್ತದೆ. ಪತ್ರೊಡೆ ಮಾಡುವ ಗೃಹಿಣಿಯರಿಗೆ ಕೆಸುವಿನ ತುರಿಕೆ ಹೊಸದಲ್ಲ. ಹುಣಿಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಿಯೇ ಅದನ್ನು ಬಡಿಸುತ್ತಾರೆ. ಕೆಸುವಿನ ಎಲೆ, ದಂಟು, ಗೆಡ್ಡೆಗಳಲ್ಲಿ ಸೂಜಿಯಂತಹ ಅತಿ ಸಣ್ಣ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹಸಿ ಎಲೆಯನ್ನು ಕಚ್ಚಿದೊಡನೆ ಇವು ಬಾಯಿ ಮತ್ತು ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಬೆಕ್ಕು ತಲೆ ಕೊಡವುತ್ತದೆ, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ಸುವರ್ಣಗೆಡ್ಡೆಯಿಂದಲೂ, ಮನೆಯ ಮುಂದೆ ಅಂದಕ್ಕೆ ಬೆಳೆಸುವ ಮನಿಪ್ಲಾಂಟ್ ಬಳ್ಳಿಯಿಂದಲೂ ಇದೇ ಬಾಧೆ ಆಗುತ್ತದೆ.

ಮೊದಲ ಕಡಿತದಲ್ಲಿಯೇ ಉರಿ ತಿಳಿಯುವುದರಿಂದ ಬೆಕ್ಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತದೆ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ತಾನಾಗಿ ನೆಕ್ಕುವುದಾದರೆ ಸ್ವಲ್ಪ ಹಾಲು ಅಥವಾ ಮೊಸರು ಇಡಬಹುದು. ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮರಗೆಣಸು

ಮರಗೆಣಸಿನ ಎಲೆ ಮತ್ತು ಸಿಪ್ಪೆಯಲ್ಲಿ ಲಿನಮರಿನ್ ಎಂಬ ವಸ್ತುವಿದೆ. ಎಲೆ ಜಜ್ಜಿದಾಗ ಅಥವಾ ಅಗಿದಾಗ ಇದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಸಯನೈಡ್ ವಿಷವು ಬಹಳ ಬೇಗ ಏರುತ್ತದೆ. ಏದುಸಿರು, ಸೆಳೆತ ಕಾಣಿಸಿಕೊಂಡು ಚಿಕಿತ್ಸೆಗೆ ಸಮಯವೇ ಸಿಗದಿರಬಹುದು. ಬೆಕ್ಕಿಗಿಂತ ಹೆಚ್ಚಾಗಿ ಆಡು, ದನಗಳು ಇದಕ್ಕೆ ಬಲಿಯಾಗುತ್ತವೆ. ಎಳೆಯ ಜೋಳದ ಪೈರು ಮೇಯ್ದು ದನ ಸಾಯುವುದೂ ಇದೇ ಸಯನೈಡಿನಿಂದ. ಮರಗೆಣಸಿನ ಸಿಪ್ಪೆಯನ್ನು ಅಂಗಳದಲ್ಲಿ ಚೆಲ್ಲದೆ ಮುಚ್ಚಿದ ಕಾಂಪೋಸ್ಟ್ ಗುಂಡಿಗೆ ಹಾಕಬೇಕು.

ಮಡಿಯ ಅಂಚಿನ ಹೂಗಿಡಗಳು

ತರಕಾರಿ ಮಡಿಯ ಅಂಚಿಗೆ ಹೂಗಿಡ ಹಾಕುವವರು ಎರಡನ್ನು ನೆನಪಿಡಬೇಕು. ಒಂದನೆಯದು ಲಿಲ್ಲಿ. ನಿಜ ಲಿಲ್ಲಿ ಹಾಗೂ ಡೇ ಲಿಲ್ಲಿ ಎಂಬ ಜಾತಿಗಳ ಎಲೆ, ಹೂ, ಅಷ್ಟೇಕೆ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ನಿಂತುಹೋಗುತ್ತವೆ. ಬೆಕ್ಕಿರುವ ಮನೆಯಲ್ಲಿ ಇವನ್ನು ಬೆಳೆಯಲೇಬಾರದು. ಎರಡನೆಯದು ಬೇಲಿಯಲ್ಲಿ ಹಬ್ಬುವ ಗೌರಿಹೂವಿನ ಬಳ್ಳಿ, ಅಂದರೆ ಅಗ್ನಿಶಿಖೆ. ಇದರ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಮನುಷ್ಯನಿಗೂ ಪ್ರಾಣಿಗಳಿಗೂ ಮಾರಕ.

ಸೌತೆ, ಸಿಹಿಕುಂಬಳ, ಬೆಂಡೆ, ಕ್ಯಾರೆಟ್, ಕೊತ್ತಂಬರಿಗಳಿಂದ ಬೆಕ್ಕಿಗೆ ಇಂತಹ ಭಯವಿಲ್ಲ. ಆದ್ದರಿಂದ ಮನೆಯ ಹಿಂಬಾಗಿಲಿಗೆ ಹತ್ತಿರದ ಮಡಿಗಳಲ್ಲಿ ಇವನ್ನು ಬೆಳೆದು, ಈರುಳ್ಳಿ, ಆಲೂಗೆಡ್ಡೆ, ಕೆಸುವುಗಳನ್ನು ದೂರದ ಮಡಿಗಳಿಗೆ ಹಾಕುವುದು ಉಚಿತ.

ಬೆಕ್ಕು ಮಡಿಗೆ ಏಕೆ ಬರುತ್ತದೆ?

ಬೆಕ್ಕನ್ನು ಮಡಿಯಿಂದ ದೂರ ಇಡಬೇಕಾದರೆ ಅದು ಬರುವ ಕಾರಣ ತಿಳಿಯಬೇಕು. ಮುಖ್ಯ ಕಾರಣಗಳು ಮೂರು.

1. ಸಡಿಲವಾದ ಮಣ್ಣು: ಹೊಸದಾಗಿ ಅಗೆದ ಪುಡಿಮಣ್ಣಿನಲ್ಲಿ ಬೆಕ್ಕು ಮಲವಿಸರ್ಜನೆ ಮಾಡಿ ಮುಚ್ಚುತ್ತದೆ. ಹಿತ್ತಲ ಒಂದು ಮೂಲೆಯಲ್ಲಿ ಎರಡು ಬುಟ್ಟಿ ಒಣ ಮರಳು ಸುರಿದರೆ ಅದು ಅಲ್ಲಿಗೇ ಹೋಗುವ ಅಭ್ಯಾಸ ಮಾಡಿಕೊಳ್ಳುತ್ತದೆ. ಬಿತ್ತಿದ ಮಡಿಯ ಮೇಲೆ ಒಣ ಎಲೆ ಅಥವಾ ತೆಂಗಿನ ಗರಿ ಹೊದಿಸಿದರೆ ತೇವವೂ ಉಳಿಯುತ್ತದೆ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮ ಎಂಬ ರೋಗಾಣು ಮಣ್ಣು ಸೇರಬಹುದು. ಇದು ಗರ್ಭಿಣಿಯರಿಗೆ ಅಪಾಯಕರವಾದುದರಿಂದ ಈ ಕ್ರಮ ಮನೆಯವರ ದೃಷ್ಟಿಯಿಂದಲೂ ಅಗತ್ಯ. ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆದೇ ಉಪಯೋಗಿಸಬೇಕು.

2. ಕುಪ್ಪಿಗಿಡ: ಮಡಿಗಳಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರಿನ ವಾಸನೆಗೆ ಬೆಕ್ಕು ಮರುಳಾಗುತ್ತದೆ. ಕಳೆ ಕಿತ್ತಾಗ ಬೇರು ಹೊರಬಿದ್ದರೆ ಅದನ್ನು ಕಚ್ಚುತ್ತಾ, ಅದರ ಮೇಲೆ ಹೊರಳುತ್ತಾ ಮಡಿಯನ್ನೇ ಹಾಳುಮಾಡುತ್ತದೆ. ಈ ಕಳೆಯನ್ನು ಬೇರುಸಹಿತ ಕಿತ್ತು ಮಡಿಯಿಂದ ದೂರ ಸಾಗಿಸಿ ಹೂಳಬೇಕು.

3. ಹುಲ್ಲಿನ ಬಯಕೆ: ಬೆಕ್ಕು ಆಗಾಗ ಹುಲ್ಲು ತಿನ್ನುವುದು ಸಹಜ. ಹತ್ತಿರದಲ್ಲಿ ಹುಲ್ಲಿಲ್ಲದಿದ್ದರೆ ಈರುಳ್ಳಿಯ ತಾಳೋ ಇನ್ನಾವ ಎಲೆಯೋ ಅದರ ಬಾಯಿಗೆ ಸಿಗಬಹುದು. ಒಡೆದ ಮಡಕೆಯಲ್ಲಿ ಮಣ್ಣು ತುಂಬಿ ಒಂದು ಹಿಡಿ ಗೋಧಿ ಬಿತ್ತಿ ಹಿಂಬಾಗಿಲ ಬಳಿ ಇಟ್ಟರೆ ಈ ಬಯಕೆ ತೀರುತ್ತದೆ. ಬೀಜೋಪಚಾರ ಮಾಡಿದ ಬಿತ್ತನೆ ಬೀಜವನ್ನಾಗಲಿ ಜೋಳವನ್ನಾಗಲಿ ಇದಕ್ಕೆ ಬಳಸಬಾರದು.

ಸಿಂಪಡಿಸುವ ಔಷಧಿಗಳು

ಗಿಡದಲ್ಲಿ ಸ್ವಾಭಾವಿಕವಾಗಿರುವ ವಿಷಕ್ಕಿಂತ ಗಿಡದ ಮೇಲೆ ಮನುಷ್ಯ ಹಾಕುವ ವಿಷ ಇನ್ನೂ ಘೋರ. ಬೆಕ್ಕು ಎಲೆ ತಿನ್ನಬೇಕೆಂದಿಲ್ಲ; ಸಿಂಪಡಿಸಿದ ಗಿಡಗಳ ನಡುವೆ ನಡೆದು ಬಂದು ಮೈ ನೆಕ್ಕಿಕೊಂಡರೆ ಸಾಕು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಲ್ಲಿ, ವಿಶೇಷವಾಗಿ ಪರ್ಮೆಥ್ರಿನ್, ಬೆಕ್ಕಿಗೆ ನಡುಕ ಮತ್ತು ಸೆಳೆತ ಉಂಟುಮಾಡುತ್ತದೆ. ನಾಯಿಯ ಉಣ್ಣೆಗೆ ಹಚ್ಚುವ ಇಂತಹ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬಾರದು. ಸಿಂಪಡಿಸಿದ ಮಡಿ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಬೇಕು. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಬಯಲಿನಲ್ಲಿ ಚೆಲ್ಲಬಾರದು. ಬೆಕ್ಕು ಸಾಕಿರುವ ಮನೆಯಲ್ಲಿ ಇಲಿಪಾಷಾಣ ಇಡದಿರುವುದೇ ಒಳ್ಳೆಯದು; ಬ್ರೊಮಾಡಿಯೊಲೋನ್ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು.

ವಿಷಬಾಧೆ ಕಂಡಾಗ

ಬೆಕ್ಕಿನ ಬಾಯಲ್ಲಿರುವ ಎಲೆಯ ಚೂರನ್ನು ತೆಗೆದು, ಮೈಗೆ ಔಷಧಿ ತಗಲಿದ್ದರೆ ಸಾಬೂನು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ, ನಿಂಬೆರಸ, ಮಜ್ಜಿಗೆ ಹೊಯ್ಯುವುದು ಸರಿಯಲ್ಲ. ಒತ್ತಾಯದಿಂದ ಹೊಯ್ದ ದ್ರವ ಶ್ವಾಸನಾಳಕ್ಕೆ ಇಳಿದರೆ ವಿಷಕ್ಕಿಂತ ಮೊದಲೇ ಅದು ಪ್ರಾಣ ತೆಗೆಯಬಹುದು. ಮನುಷ್ಯರ ಮಾತ್ರೆಗಳನ್ನು ಎಂದಿಗೂ ಕೊಡಬಾರದು.

ತಿಂದ ಗಿಡದ ಒಂದು ರೆಂಬೆ ಅಥವಾ ಔಷಧಿಯ ಡಬ್ಬಿಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ. ಕಾಯಿಲೆಗೆ ಕಾರಣ ತಿಳಿಯದಿದ್ದಲ್ಲಿ ಹಿಂದಿನ ಒಂದು ವಾರದಲ್ಲಿ ಬೆಕ್ಕಿಗೆ ಏನೇನು ಹಾಕಲಾಯಿತು ಎಂಬುದನ್ನು ಮನೆಯವರೆಲ್ಲ ಕೂಡಿ ನೆನಪಿಸಿಕೊಂಡು ವೈದ್ಯರಿಗೆ ಹೇಳಬೇಕು. ನೆರೆಯವರ ಮೇಲೆ ಸಂಶಯಪಡುವುದಕ್ಕೆ ಮೊದಲು ಇದನ್ನು ಮಾಡುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ 1962 ಪಶುವೈದ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

1. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರು, ಪಲ್ಯಗಳನ್ನು ಬೆಕ್ಕಿಗೆ ಹಾಕಬಾರದು. ಅದರ ಪಾಲನ್ನು ಮಸಾಲೆಗೆ ಮೊದಲೇ ತೆಗೆದಿಡಬೇಕು.

2. ಆಲೂಗೆಡ್ಡೆಯ ಹಸಿರು ಸಿಪ್ಪೆ, ಮೊಳಕೆ, ಟೊಮ್ಯಾಟೊ ಗಿಡದ ಕತ್ತರಿಸಿದ ರೆಂಬೆ, ಮರಗೆಣಸಿನ ಸಿಪ್ಪೆಗಳನ್ನು ಮುಚ್ಚಿದ ಗುಂಡಿಗೆ ಹಾಕಬೇಕು.

3. ಲಿಲ್ಲಿ ಮತ್ತು ಅಗ್ನಿಶಿಖೆಗಳನ್ನು ಬೆಕ್ಕಿರುವ ಮನೆಯ ಹಿತ್ತಲಿನಲ್ಲಿ ಬೆಳೆಯಬಾರದು.

4. ಮರಳಿನ ಮೂಲೆ, ಗೋಧಿ ಹುಲ್ಲಿನ ಮಡಕೆ, ಕುಪ್ಪಿಗಿಡವಿಲ್ಲದ ಮಡಿ ಇವು ಮೂರಿದ್ದರೆ ಬೆಕ್ಕು ತರಕಾರಿಯ ತಂಟೆಗೆ ಬರುವುದು ಕಡಿಮೆಯಾಗುತ್ತದೆ.

5. ಒಸಡು ಬಿಳಿಚಿಕೊಂಡ, ಮೂತ್ರ ಕಂದುಗೆಂಪಾದ ಬೆಕ್ಕಿಗೆ ಮನೆಮದ್ದು ಮಾಡದೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ಈ ಕ್ರಮಗಳಲ್ಲಿ ಯಾವುದಕ್ಕೂ ಹೇಳಿಕೊಳ್ಳುವಂತಹ ಖರ್ಚಿಲ್ಲ. ಒಲೆಯ ಮೇಲಿನ ಪಾತ್ರೆಗೆ ಒಗ್ಗರಣೆ ಬೀಳುವ ಮೊದಲು ಒಂದು ಸೌಟು ತೆಗೆದಿಡುವಷ್ಟು ನೆನಪಿದ್ದರೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮುಗಿದಂತೆ. ಕಾಳಿನ ಚೀಲಗಳ ಬಳಿ ರಾತ್ರಿ ಕಾವಲು ಕಾಯುವ ಪ್ರಾಣಿಗೆ ರೈತ ಕುಟುಂಬ ಇಷ್ಟನ್ನು ಮಾಡುವುದು ಕಷ್ಟವಾಗಲಾರದು.